ಪಿಯಾನೊ ಕಲಿಸುವವರಿಗೂ ಕಛೇರಿ ನಡೆಸುವವರಿಗೂ: ಕೈಬಿಟ್ಟುಹೋದ ಕಪ್ಪು ಸಂಯೋಜಕರ ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಸುತ್ತಿರುವ ಶಿಕ್ಷಕ ಶಿಕ್ಷಕಿಯರಿಗೆ, ಸಂಗೀತ ಶಾಲೆಗಳ ಮುಖ್ಯಸ್ಥರಿಗೆ, ಕಛೇರಿ ಏರ್ಪಡಿಸುವ ಸಂಘ ಸಂಸ್ಥೆಗಳ ಪದಾಧಿಕಾರಿಗಳಿಗೆ

ಮಾನ್ಯರೇ,

ಲಂಡನ್ನಿನ ಪರೀಕ್ಷಾ ಮಂಡಳಿಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಈ ವಿದ್ಯಾರ್ಥಿಗೆ ಈ ವರ್ಷ ಈ ಕೃತಿಗಳು ಎಂದು ಗುರುತು ಹಾಕುವ ಅಧಿಕಾರ ನಮ್ಮಲ್ಲಿ ಪಿಯಾನೊ ಶಿಕ್ಷಕರದು. ಆ ಪಟ್ಟಿಗಳು ಹಿಂದಿನಷ್ಟು ಇಕ್ಕಟ್ಟಾಗಿಲ್ಲ. ಕೆಲವು ಪರೀಕ್ಷೆಗಳಲ್ಲಿ ಪಟ್ಟಿಯ ಹೊರಗಿನ ಒಂದು ಕೃತಿಯನ್ನು ನಾವೇ ಆರಿಸಿಕೊಳ್ಳುವುದಕ್ಕೂ ಈಗ ಅವಕಾಶವಿದೆ. ಆದರೂ ವರ್ಷದ ಕೊನೆಯ ವಿದ್ಯಾರ್ಥಿ ಕಛೇರಿಗಳಲ್ಲಿ ಕುಳಿತವರಿಗೆ ಗೊತ್ತಿರುವಂತೆ, ಕ್ಲೆಮೆಂಟಿಯ ಅದೇ ಸೊನಾಟಿನ, ಬೀಥೋವನ್ನನ 'ಫ್ಯೂರ್ ಎಲೀಸ್', ಶೋಪ್ಯಾನನ ಅವೇ ಒಂದೆರಡು ವಾಲ್ಟ್ಸ್‌ಗಳು ಸರದಿಯ ಮೇಲೆ ಬಂದುಹೋಗುತ್ತವೆ. ಅವು ಒಳ್ಳೆಯ ಕೃತಿಗಳಲ್ಲವೆಂಬುದು ನನ್ನ ತಕರಾರಲ್ಲ. ನಾವು ಕಲಿತದ್ದನ್ನೇ ಕಲಿಸುತ್ತಿದ್ದೇವೆ, ನಮಗೆ ಕಲಿಸಿದವರೂ ತಾವು ಕಲಿತದ್ದನ್ನೇ ಕಲಿಸಿದರು, ಹೀಗೆ ಸಾಗಿಬಂದ ಸಾಲಿನಲ್ಲಿ ಒಂದು ಇಡೀ ಪರಂಪರೆಗೆ ಜಾಗವೇ ಸಿಗಲಿಲ್ಲ ಎಂಬುದು ನನ್ನ ಮಾತು. ಅಮೆರಿಕ, ಬ್ರಿಟನ್ ಮತ್ತು ಪಶ್ಚಿಮ ಆಫ್ರಿಕಾಗಳ ಕಪ್ಪು ಸಂಯೋಜಕರು ನೂರೈವತ್ತು ವರ್ಷಗಳಿಗೂ ಮಿಕ್ಕಿ ಪಿಯಾನೊಗೆಂದು ಬರೆದ ಸಂಗೀತವನ್ನು ನಿಮ್ಮ ಪಾಠಕ್ಕೂ ವೇದಿಕೆಗೂ ತಂದುಕೊಳ್ಳಬೇಕೆಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಹೀಗೆಂದ ಕೂಡಲೇ ಸಾಮಾನ್ಯವಾಗಿ ಬರುವ ಉತ್ತರ ಸ್ಕಾಟ್ ಜಾಪ್ಲಿನ್ನನ ರ‍್ಯಾಗ್‌ಟೈಮ್ ಅಥವಾ ಜಾಝ್ ಛಾಯೆಯ ಒಂದು ಸಣ್ಣ ಕೃತಿ. ಕಪ್ಪು ಜನರ ಪಿಯಾನೊ ಎಂದರೆ ಜಾಝ್ ಎಂಬ ತಿಳಿವಳಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಸೊನಾಟ, ಫ್ಯಾಂಟಸಿ, ಸ್ಯೂಟ್, ಕನ್ಸರ್ಟೊಗಳಂಥ ಶಾಸ್ತ್ರೀಯ ರಚನೆಗಳನ್ನು ಬರೆದ ಕಪ್ಪು ಸಂಯೋಜಕರ ಹೆಸರು ಕೇಳಿದರೆ ಒಬ್ಬಿಬ್ಬರನ್ನು ಹೇಳುವುದಕ್ಕೂ ತಡವರಿಸುತ್ತೇವೆ. ಜಾಝ್ ದೊಡ್ಡ ಕಲೆ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ. ನಾನು ಹೇಳುತ್ತಿರುವುದು ಕನ್ಸರ್ವೇಟರಿಗಳಲ್ಲಿ, ಅಂದರೆ ಸಂಗೀತ ಮಹಾವಿದ್ಯಾಲಯಗಳಲ್ಲಿ ಓದಿ, ಬ್ರಾಮ್ಸ್ ಮತ್ತು ಡ್ವೊರ್ಷಾಕರನ್ನು ಅರಗಿಸಿಕೊಂಡು, ಅದೇ ಕಾಗದದ ಮೇಲೆ ತಮ್ಮದೇ ಸಂಗೀತ ಬರೆದಿಟ್ಟು, ಬರೆದದ್ದು ಅಚ್ಚಾಗದೆ ಕಣ್ಮುಚ್ಚಿದವರ ವಿಚಾರ.

ಫ್ಲಾರೆನ್ಸ್ ಪ್ರೈಸ್ ಅವರಿಂದ ಆರಂಭಿಸುತ್ತೇನೆ, ಏಕೆಂದರೆ ಅವರ ಕಥೆಯಲ್ಲಿ ನಮ್ಮಂಥ ಶಿಕ್ಷಕರ ಪಾತ್ರವೂ ಇದೆ. ಅವರು 1887ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಲಿಟ್ಲ್ ರಾಕ್‌ನಲ್ಲಿ ಹುಟ್ಟಿದರು. ತಂದೆ ದಂತವೈದ್ಯರು, ತಾಯಿ ಸಂಗೀತ ಶಿಕ್ಷಕಿ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಗೆ ಸೇರುವಾಗ, ವರ್ಣಭೇದದ ಕಾಟ ತಪ್ಪಲೆಂದು ದಾಖಲೆಯಲ್ಲಿ ಅವರ ಊರನ್ನು ಮೆಕ್ಸಿಕೊ ದೇಶದ್ದೆಂದು ಬರೆಸಲಾಯಿತು. 1906ರಲ್ಲಿ ಆರ್ಗನ್ ವಾದನದಲ್ಲೂ ಪಿಯಾನೊ ಬೋಧನೆಯಲ್ಲೂ ಅರ್ಹತೆ ಪಡೆದು ಹೊರಬಂದು, ಕೆಲವು ವರ್ಷಗಳ ನಂತರ ಊರಿನಲ್ಲಿ ಪಾಠ ಹೇಳತೊಡಗಿದಾಗ, ಆ ರಾಜ್ಯದ ಸಂಗೀತ ಶಿಕ್ಷಕರ ಸಂಘ ಅವರಿಗೆ ಸದಸ್ಯತ್ವ ಕೊಡಲಿಲ್ಲ. ಅದು ಬಿಳಿಯರ ಸಂಘ. 1927ರಲ್ಲಿ ಲಿಟ್ಲ್ ರಾಕ್‌ನಲ್ಲಿ ಒಬ್ಬ ಕಪ್ಪು ವ್ಯಕ್ತಿಯನ್ನು ಗುಂಪೊಂದು ಕೊಂದು ಸುಟ್ಟ ಮೇಲೆ ಪ್ರೈಸ್ ಕುಟುಂಬ ಚಿಕಾಗೊ ನಗರಕ್ಕೆ ಹೊರಟುಹೋಯಿತು. ಅಲ್ಲಿ ವಿಚ್ಛೇದನದ ನಂತರ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತ, ಮೂಕಿಚಿತ್ರಗಳಿಗೆ ಆರ್ಗನ್ ನುಡಿಸುತ್ತ, ಮಕ್ಕಳ ಪಾಠಕ್ಕೆಂದು ಪುಟ್ಟ ಪಿಯಾನೊ ಕೃತಿಗಳನ್ನು ಬರೆದು ಮಾರುತ್ತ ಅವರು ದೊಡ್ಡ ಕೃತಿಗಳನ್ನೂ ರಚಿಸಿದರು. ಕಪ್ಪು ಸಂಯೋಜಕರಿಗೆಂದೇ ಇದ್ದ ವಾನಮೇಕರ್ ಸ್ಪರ್ಧೆಯಲ್ಲಿ 1932ರಲ್ಲಿ ಅವರ ಮೊದಲ ಸಿಂಫನಿಗೂ, ಇ ಮೈನರ್ ಪಿಯಾನೊ ಸೊನಾಟಕ್ಕೂ ಆಯಾ ವಿಭಾಗದ ಮೊದಲ ಬಹುಮಾನ ಬಂತು. ಮರುವರ್ಷದ ಜೂನ್ 15ರಂದು ಫ್ರೆಡರಿಕ್ ಸ್ಟಾಕ್ ನಿರ್ದೇಶನದಲ್ಲಿ ಚಿಕಾಗೊ ಸಿಂಫನಿ ವಾದ್ಯವೃಂದ ಆ ಸಿಂಫನಿಯನ್ನು ನುಡಿಸಿತು. ಕಪ್ಪು ಮಹಿಳೆಯೊಬ್ಬರ ಸಿಂಫನಿಯನ್ನು ಅಮೆರಿಕದ ಪ್ರಮುಖ ವಾದ್ಯವೃಂದವೊಂದು ನುಡಿಸಿದ್ದು ಅದೇ ಮೊದಲು.

ಇಷ್ಟಾದ ಮೇಲೆ ದಾರಿ ತೆರೆದುಕೊಳ್ಳಬೇಕಿತ್ತು. 1943ರಲ್ಲಿ ಪ್ರೈಸ್ ಬಾಸ್ಟನ್ ಸಿಂಫನಿಯ ನಿರ್ದೇಶಕ ಸೆರ್ಜ್ ಕುಸೆವಿಟ್ಸ್ಕಿ ಅವರಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ತಾನು ಹೆಣ್ಣು, ತನ್ನ ಮೈಯಲ್ಲಿ ಹರಿಯುವುದು ಕಪ್ಪು ಜನರ ರಕ್ತ, ಈ ಎರಡು ಅಡ್ಡಿಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಇನ್ನು ಸಂಗೀತವನ್ನು ಅದರ ಗುಣದ ಮೇಲೆಯೇ ತೂಗಿ ನೋಡಿ ಎಂಬುದು ಅದರ ಸಾರ. ಅವರ ಕೃತಿ ಆ ವೇದಿಕೆಗೆ ಬರಲಿಲ್ಲ. 1953ರಲ್ಲಿ ಅವರು ತೀರಿಕೊಂಡರು. ಬಹುಮಾನ ಗೆದ್ದ ಆ ಪಿಯಾನೊ ಸೊನಾಟ ಮೊದಲ ಬಾರಿಗೆ ಅಚ್ಚಾದದ್ದು 1997ರಲ್ಲಿ, ರೇ ಲಿಂಡಾ ಬ್ರೌನ್ ಎಂಬ ವಿದ್ವಾಂಸರ ಸಂಪಾದನೆಯಲ್ಲಿ. ಬಹುಮಾನಕ್ಕೂ ಅಚ್ಚಿಗೂ ನಡುವೆ 65 ವರ್ಷ. ಅಷ್ಟು ದಿನ ಪಿಯಾನೊ ಶಿಕ್ಷಕರ ಕೈಗೆ ಅದು ಸಿಗುವುದಾದರೂ ಹೇಗೆ?

2009ರಲ್ಲಿ ಚಿಕಾಗೊದ ದಕ್ಷಿಣಕ್ಕಿರುವ ಸೇಂಟ್ ಆ್ಯನ್ ಎಂಬ ಊರಿನಲ್ಲಿ ಪಾಳುಬಿದ್ದ ಮನೆಯೊಂದನ್ನು ಕೊಂಡವರು, ಮಾಡು ತೂತುಬಿದ್ದಿದ್ದ ಆ ಮನೆಯಲ್ಲಿ ನೆನೆಯದೆ ಉಳಿದಿದ್ದ ಜಾಗದಲ್ಲಿ ಕಟ್ಟುಕಟ್ಟು ಸ್ವರಲಿಪಿಯ ಹಾಳೆಗಳನ್ನು ಕಂಡರು. ಅದು ಪ್ರೈಸ್ ಅವರ ಬೇಸಗೆ ಮನೆಯಾಗಿತ್ತು. ಹಾಳೆಗಳು ಆರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಸೇರಿದವು. ಎರಡು ವಯೊಲಿನ್ ಕನ್ಸರ್ಟೊಗಳೂ ನಾಲ್ಕನೆಯ ಸಿಂಫನಿಯೂ ಅದರಲ್ಲಿದ್ದವು. 'ಫಾಂತಾಸಿ ನೆಗ್ರ್' ಎಂಬ ಹೆಸರಿನ ನಾಲ್ಕು ಪಿಯಾನೊ ಕೃತಿಗಳಲ್ಲಿ ಮೂರನೆಯದು ಅಪೂರ್ಣವೆಂದೇ ಎಲ್ಲರೂ ನಂಬಿದ್ದರು. ಬ್ರಿಟನ್ನಿನ ಪಿಯಾನೊ ವಾದಕಿ ಮತ್ತು ಸಂಶೋಧಕಿ ಸಮಾಂಥಾ ಈಗೆ, ಚದುರಿಹೋಗಿದ್ದ ಉಳಿದ ಪುಟಗಳನ್ನು ಆ ಸಂಗ್ರಹದಲ್ಲಿ ಗುರುತಿಸಿ, ಜೋಡಿಸಿ, 2021ರಲ್ಲಿ ನಾಲ್ಕನ್ನೂ ಧ್ವನಿಮುದ್ರಿಸಿದರು. ಪಿಯಾನೊ ಕನ್ಸರ್ಟೊದ ಕಥೆಯೂ ಇಂಥದ್ದೇ. 1934ರ ಆ ಕೃತಿಯ ಮೂಲ ವಾದ್ಯವೃಂದದ ಲಿಪಿ ಕಳೆದುಹೋಗಿತ್ತೆಂದು 2011ರಲ್ಲಿ ಟ್ರೆವರ್ ವೆಸ್ಟನ್ ಎಂಬ ಸಂಯೋಜಕರು ಅದನ್ನು ಹೊಸದಾಗಿ ಕಟ್ಟಿಕೊಟ್ಟರು. ಕೆಲವು ವರ್ಷಗಳ ನಂತರ ಮೂಲವೇ ಸಿಕ್ಕಿತು.

ಮನೆಯ ಕಥೆ ರೋಚಕವಾಗಿದೆ, ಪತ್ರಿಕೆಗಳು ಅದನ್ನು ಮತ್ತೆ ಮತ್ತೆ ಬರೆದವು. ನನಗೆ ಅದರಲ್ಲಿ ಸ್ವಲ್ಪ ಕಿರಿಕಿರಿಯೂ ಇದೆ. ಪ್ರೈಸ್ 2009ರಲ್ಲಿ ದಿಢೀರನೆ ದೊರೆತವರಲ್ಲ. ಕಪ್ಪು ಸಂಗೀತಗಾರರೂ ಕಪ್ಪು ವಿದ್ವಾಂಸರೂ ಅವರನ್ನು ಎಂದೂ ಮರೆತಿರಲಿಲ್ಲ. ರೇ ಲಿಂಡಾ ಬ್ರೌನ್ ದಶಕಗಳ ಕಾಲ ಅವರ ಮೇಲೆ ದುಡಿದರು. ನಟಾಲಿ ಹಿಂಡೆರಾಸ್ ಎಂಬ ಅಪ್ರತಿಮ ವಾದಕಿ 1971ರಲ್ಲೇ ಕಪ್ಪು ಸಂಯೋಜಕರ ಪಿಯಾನೊ ಕೃತಿಗಳ ಎರಡು ತಟ್ಟೆಗಳ ಆಲ್ಬಂ ಹೊರತಂದಿದ್ದರು. ಹೆಲೆನ್ ವಾಕರ್-ಹಿಲ್ 1992ರಲ್ಲಿ ಕಪ್ಪು ಮಹಿಳೆಯರ ನೂರು ವರ್ಷದ ಪಿಯಾನೊ ಸಂಗೀತವನ್ನು ಸಂಕಲಿಸಿ ಅಚ್ಚುಹಾಕಿಸಿದರು. ಮರೆತಿದ್ದವರು ಪ್ರಕಾಶಕರು, ದೊಡ್ಡ ವಾದ್ಯವೃಂದಗಳು ಮತ್ತು, ಕಹಿಯಾದರೂ ಹೇಳಬೇಕು, ಪಾಠ ಹೇಳುವ ನಾವು.

ಕೃತಿಯೊಂದು ಬದುಕುವುದಕ್ಕೆ ಮೂರು ಕೆಲಸ ಆಗಬೇಕು. ಅದು ಅಚ್ಚಾಗಬೇಕು, ಯಾರಾದರೂ ಚೆನ್ನಾಗಿ ನುಡಿಸಿ ಮುದ್ರಿಸಬೇಕು, ಆಮೇಲೆ ಅದು ಪಾಠಕ್ಕೆ ಇಳಿಯಬೇಕು. ಇದನ್ನು ಕನ್ನಡ ನಾಡಿಗೆ ಬಿಡಿಸಿ ಹೇಳಬೇಕಾಗಿಲ್ಲ, ಏಕೆಂದರೆ ಎರಡನೆಯ ಕೆಲಸವನ್ನು ಒಮ್ಮೆ ಮೈಸೂರೇ ಮಾಡಿದೆ. ಮಾಸ್ಕೊದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿ ಮುಪ್ಪಿನಲ್ಲಿ ಜನರ ಮನಸ್ಸಿನಿಂದ ಜಾರುತ್ತಿದ್ದ ನಿಕೊಲಾಯ್ ಮೆಟ್ನರ್ ಎಂಬ ಸಂಯೋಜಕರ ಪಿಯಾನೊ ಸಂಗೀತವನ್ನು, 1940ರ ದಶಕದ ಕೊನೆಯಲ್ಲಿ, ಅವರೇ ನುಡಿಸುವಂತೆ ಏರ್ಪಾಡು ಮಾಡಿ ಗ್ರಾಮೊಫೋನ್ ತಟ್ಟೆಗಳಲ್ಲಿ ಉಳಿಸಿದ್ದು ಜಯಚಾಮರಾಜೇಂದ್ರ ಒಡೆಯರ್ ಅವರ ಹಣ ಮತ್ತು ಆಸ್ಥೆ. ಒಡೆಯರ್ ಸ್ವತಃ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಿಂದ ಪಿಯಾನೊದಲ್ಲಿ ಲೈಸೆನ್ಷಿಯೇಟ್ ಪಡೆದವರು, 1945ರಲ್ಲಿ ಟ್ರಿನಿಟಿ ಕಾಲೇಜ್ ಆಫ್ ಮ್ಯೂಸಿಕ್‌ನ ಗೌರವ ಫೆಲೊ ಆದವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು; 1951ರಲ್ಲಿ ಕಣ್ಮುಚ್ಚುವ ಮೊದಲು ಮೂರೂ ಕನ್ಸರ್ಟೊಗಳು ಅವರದೇ ಬೆರಳಿನಲ್ಲಿ ಮುದ್ರಣಗೊಂಡಿದ್ದವು. ಇಂದು ಪ್ರಪಂಚದ ಯಾವುದೇ ಮೂಲೆಯಲ್ಲಿ ಮೆಟ್ನರ್ ನುಡಿಸುವವರು ಮೊದಲು ಕೇಳಿಸಿಕೊಳ್ಳುವುದು ಆ ತಟ್ಟೆಗಳನ್ನು. ಯಾವ ನಂಟೂ ಇಲ್ಲದ ರಷ್ಯನ್ ಸಂಯೋಜಕನೊಬ್ಬನನ್ನು ಮರೆವಿನಿಂದ ಎತ್ತಿದ ನಾಡು ಇದು. ಪ್ರೈಸ್ ಅವರ ವಿಷಯದಲ್ಲಿ ಅಚ್ಚೂ ಆಗಿದೆ, ಧ್ವನಿಮುದ್ರಣವೂ ಆಗಿದೆ. ಬಾಕಿ ಇರುವುದು ಮೂರನೆಯ ಕೆಲಸ, ಅದಕ್ಕೆ ಮಹಾರಾಜರ ಖಜಾನೆಯೂ ಬೇಕಿಲ್ಲ.

ಟ್ರಿನಿಟಿ ಕಾಲೇಜಿನ ಹೆಸರು ಬಂದದ್ದರಿಂದ ಹೇಳುತ್ತೇನೆ: ಒಡೆಯರ್ ಅವರಿಗಿಂತ ನಾಲ್ಕು ದಶಕ ಮೊದಲು, 1903ರಲ್ಲಿ, ಅದೇ ಕಾಲೇಜಿನ ಪ್ರಾಧ್ಯಾಪಕರಾದವರು ಸ್ಯಾಮ್ಯುಯಲ್ ಕೋಲ್‌ರಿಜ್-ಟೇಲರ್. ಇವರು ಹುಟ್ಟಿದ್ದು 1875ರಲ್ಲಿ, ಲಂಡನ್ನಿನಲ್ಲಿ. ತಂದೆ ಪಶ್ಚಿಮ ಆಫ್ರಿಕಾದ ಸಿಯೆರ್ರಾ ಲಿಯೋನ್‌ನ ವೈದ್ಯರು, ತಾಯಿ ಇಂಗ್ಲಿಷ್ ಮಹಿಳೆ. ನಮ್ಮ ಮಕ್ಕಳ ಮನೆಗಳಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿರುವ ಪ್ರಮಾಣಪತ್ರಗಳಲ್ಲಿ ಎಷ್ಟೋ ಆ ಕಾಲೇಜಿನಿಂದ ಬೆಳೆದ ಪರೀಕ್ಷಾ ಸಂಸ್ಥೆಯವು. ಆದರೆ ಅಲ್ಲಿ ಪಾಠ ಹೇಳಿದ ಈ ಸಂಯೋಜಕರ ಒಂದು ಪುಟವನ್ನೂ ಆ ಮಕ್ಕಳಲ್ಲಿ ಬಹುಮಂದಿ ನುಡಿಸಿರಲಾರರು. ಅವರ ಗಾಯನಕೃತಿ 'ಹಯವಾಥಾಸ್ ವೆಡಿಂಗ್ ಫೀಸ್ಟ್' ಬ್ರಿಟನ್ನಿನಲ್ಲಿ ಅಪಾರ ಜನಪ್ರಿಯವಾಗಿತ್ತು. ಅದರ ಹಕ್ಕನ್ನು ಅವರು ಹದಿನೈದು ಗಿನಿಗೆ (ಆಗಿನ ಬ್ರಿಟಿಷ್ ಹಣ) ಒಂದೇ ಸಲಕ್ಕೆ ಮಾರಿಬಿಟ್ಟಿದ್ದರು. ಸಾವಿರಾರು ಪ್ರತಿ ಮಾರಾಟವಾದರೂ ಅವರಿಗೆ ಬರುವುದೇನೂ ಇರಲಿಲ್ಲ, ಮತ್ತು 1912ರಲ್ಲಿ 37ನೆಯ ವಯಸ್ಸಿಗೆ ನ್ಯುಮೋನಿಯಾದಿಂದ ತೀರಿಕೊಂಡಾಗ ಹೆಂಡತಿ ಮಕ್ಕಳ ಕೈ ಬರಿದಾಗಿತ್ತು. ಸಂಗೀತಗಾರರ ಹಕ್ಕಿನ ಹಣ ಸಂಗ್ರಹಿಸುವ ಸಂಸ್ಥೆಯೊಂದು 1914ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿಕೊಳ್ಳುವುದಕ್ಕೆ ಈ ಪ್ರಕರಣ ತಂದ ಮುಜುಗರವೂ ಕಾರಣವಾಯಿತು.

ಪಿಯಾನೊ ಶಿಕ್ಷಕರಿಗೆ ಬೇಕಾದದ್ದು ಅವರು 1905ರಲ್ಲಿ ಪ್ರಕಟಿಸಿದ 'ಟ್ವೆಂಟಿ-ಫೋರ್ ನೀಗ್ರೊ ಮೆಲೊಡೀಸ್' ಎಂಬ ಸಂಪುಟ. ಹೆಸರು ಆ ಕಾಲದ್ದು, ಅದನ್ನು ಮುಚ್ಚಿಡದೆ, ಸಂದರ್ಭ ಹೇಳಿಯೇ ಮಕ್ಕಳ ಮುಂದೆ ಇಡಬೇಕು. ಆಫ್ರಿಕಾದ ಬೇರೆ ಬೇರೆ ಭಾಗಗಳ, ವೆಸ್ಟ್ ಇಂಡೀಸ್‌ನ ಮತ್ತು ಅಮೆರಿಕದ ಗುಲಾಮರ ಹಾಡುಗಳನ್ನು ಒಂದೊಂದಾಗಿ ತೆಗೆದುಕೊಂಡು, ಮೂಲ ಧಾಟಿಯನ್ನು ಕೃತಿಯ ತಲೆಯ ಮೇಲೆ ಅಚ್ಚುಹಾಕಿ, ಕೆಳಗೆ ಅದನ್ನು ಬೆಳೆಸುತ್ತಾರೆ. ಹಂಗೇರಿಯ ಜನಪದಕ್ಕೆ ಬ್ರಾಮ್ಸ್, ಬೊಹೀಮಿಯದ್ದಕ್ಕೆ ಡ್ವೊರ್ಷಾಕ್, ನಾರ್ವೆಯದಕ್ಕೆ ಗ್ರೀಗ್ ಮಾಡಿದ್ದನ್ನು ತಾನು ಈ ಹಾಡುಗಳಿಗೆ ಮಾಡಲೆತ್ನಿಸಿದ್ದೇನೆ ಎಂದು ಅವರೇ ಬರೆದಿದ್ದಾರೆ. 'ಡೀಪ್ ರಿವರ್' ಅದರಲ್ಲಿ ಹತ್ತನೆಯದು. ಧಾಟಿ ಸರಳವಾದ್ದರಿಂದ ಸುಲಭವೆನ್ನಿಸುತ್ತದೆ, ಮಧ್ಯದಲ್ಲಿ ಎರಡೂ ಕೈ ತುಂಬಿಕೊಂಡು ಬಂದಾಗ ಗೊತ್ತಾಗುತ್ತದೆ ಅದರ ಭಾರ. ಪರೀಕ್ಷೆಗಳ ಎಂಟನೆಯ, ಅಂದರೆ ಕೊನೆಯ ಗ್ರೇಡ್ ಮುಟ್ಟಿದವರಿಗೆ ಯೋಗ್ಯವಾದ ಕೃತಿ. ಎಲ್ಲವೂ ಒಂದೇ ಎತ್ತರದಲ್ಲಿವೆಯೆಂದು ನಾನು ಹೇಳಲಾರೆ. ಅವರ ಕೆಲವು ವಾಲ್ಟ್ಸ್‌ಗಳು ಆ ಕಾಲದ ಬೈಠಕ್‌ಖಾನೆಗೆ ಬರೆದ ಹಗುರ ಸಂಗೀತ, ಅವನ್ನು ಅಷ್ಟಕ್ಕೇ ಸವಿಯಬೇಕು.

ನನಗೆ ಎಲ್ಲರಿಗಿಂತ ಹತ್ತಿರದವರು ರಾಬರ್ಟ್ ನಥಾನಿಯಲ್ ಡೆಟ್. ಕೆನಡಾದ ನಯಾಗರ ಬಳಿ 1882ರಲ್ಲಿ ಹುಟ್ಟಿ, ಓಬರ್ಲಿನ್‌ನಲ್ಲಿ ಓದಿ, ವರ್ಜೀನಿಯದ ಹ್ಯಾಂಪ್ಟನ್‌ನಲ್ಲಿ ಬಹುಕಾಲ ಪಾಠ ಹೇಳಿದರು. ಈಗಾಗಲೇ ಹೆಸರು ಮಾಡಿದ್ದ ವಯಸ್ಸಿನಲ್ಲಿ ಫ್ರಾನ್ಸಿಗೆ ಹೋಗಿ ಹೆಸರಾಂತ ಸಂಗೀತ ಗುರು ನಾದಿಯಾ ಬುಲಾಂಜೆ ಅವರಲ್ಲಿ ಮತ್ತೆ ವಿದ್ಯಾರ್ಥಿಯಾದರು. 1913ರ 'ಇನ್ ದ ಬಾಟಮ್ಸ್' ಐದು ಭಾಗಗಳ ಸ್ಯೂಟ್: ರಾತ್ರಿಯ ಪೀಠಿಕೆ, 'ಹಿಸ್ ಸಾಂಗ್', 'ಹನಿ', ಬೆಳಗಿನ ಬಾರ್ಕರೋಲ್ (ದೋಣಿಹಾಡು), ಕೊನೆಗೆ 'ಜೂಬಾ' ಕುಣಿತ. ಈ ಕೊನೆಯದು ಮಾತ್ರ ಪ್ರಸಿದ್ಧ. ಜೂಬಾದ ಹಿನ್ನೆಲೆಯನ್ನು ತಾಳದ ನಾಡಿನವರಾದ ನಾವು ತಿಳಿದಿರಬೇಕು. ದಕ್ಷಿಣ ಕ್ಯಾರೊಲಿನಾದಲ್ಲಿ 1739ರಲ್ಲಿ ಗುಲಾಮರು ದಂಗೆಯೆದ್ದ ನಂತರ, ಮರುವರ್ಷದ ಕಾನೂನು ಅವರಿಗೆ ಡೋಲು ಬಾರಿಸುವುದನ್ನೇ ನಿಷೇಧಿಸಿತು. ಸನ್ನೆಯ ಮಾತು ಡೋಲಿನಲ್ಲಿ ಊರಿಂದೂರಿಗೆ ದಾಟುತ್ತದೆಂಬ ಭಯ. ಡೋಲಿಲ್ಲದ ಕಡೆಗಳಲ್ಲಿ ಮೈಯೇ ವಾದ್ಯವಾಯಿತು. ನೆಲಕ್ಕೆ ಕಾಲು ಹಾಕಿ, ತೊಡೆಗೂ ಎದೆಗೂ ಕೈ ತಟ್ಟಿ ಲಯ ಹಿಡಿದರು. ಡೆಟ್ ತಮ್ಮ ಮುನ್ನುಡಿಯಲ್ಲಿ ವಿವರಿಸುವಂತೆ, ಒಂದು ಕಾಲ್ತಟ್ಟು, ಹಿಂದೆಯೇ ಎರಡು ಚುರುಕಾದ ಕೈತಟ್ಟು. ಪಿಯಾನೊದಲ್ಲಿ ಎಡಗೈ ಅದನ್ನು ಹಿಡಿದುಕೊಳ್ಳುತ್ತದೆ, ಬಲಗೈ ಒತ್ತನ್ನು ಬೇಕೆಂದೇ ತಾಳದ ಪೆಟ್ಟಿನಾಚೆಗೆ ಸರಿಸಿ ಆಡುತ್ತದೆ. ಅನಾಗತ ಎಡುಪಿನಲ್ಲಿ, ಅಂದರೆ ತಾಳದ ಪೆಟ್ಟು ಬಿದ್ದ ಮೇಲೆ ಎತ್ತಿಕೊಂಡು, ಪಲ್ಲವಿ ಹಾಡಿ ರೂಢಿಯಾದ ಮಕ್ಕಳಿಗೆ, ಮೊತ್ಸಾರ್ಟನ ಅಲಂಕಾರಗಳಿಗಿಂತ ಇದು ಬೇಗ ಕೈಗೆ ಹತ್ತುತ್ತದೆ ಎಂಬುದು ನನ್ನ ಅನುಭವ.

ಆದರೆ 'ಜೂಬಾ'ವೊಂದನ್ನೇ ಕಿತ್ತು ತೆಗೆದು ಕಛೇರಿಯ ಕೊನೆಯಲ್ಲಿ ಚಪ್ಪಾಳೆಗೆಂದು ನುಡಿಸುವುದಿದೆಯಲ್ಲ, ಅದರಲ್ಲಿ ನನಗೆ ಅಸಮಾಧಾನವಿದೆ. ಕಪ್ಪು ಸಂಯೋಜಕರಿಂದ ನಮಗೆ ಬೇಕಾಗಿರುವುದು ಕುಣಿತ ಮಾತ್ರ ಎಂಬಂತೆ ಅದು ಕಾಣುತ್ತದೆ. 'ಹಿಸ್ ಸಾಂಗ್' ಅನ್ನು ಒಮ್ಮೆ ನುಡಿಸಿ ನೋಡಿ. ಒಂಟಿಯಾಗಿ ಕುಳಿತು ಗುನುಗುವವನ ಆ ಧಾಟಿಯ ನಂತರ ಬಂದರೆ 'ಜೂಬಾ'ದ ಅರ್ಥವೇ ಬೇರೆಯಾಗುತ್ತದೆ. ಡೆಟ್ ಅವರ ಕೊನೆಯ ವರ್ಷಗಳ 'ಏಟ್ ಬೈಬಲ್ ವಿನ್ಯೆಟ್ಸ್' ಅಂತೂ ಗಂಭೀರವಾದ, ಕೆಲವೆಡೆ ಕಠಿಣವಾದ ಸಂಗೀತ. ನಡುವೆ 1928ರ 'ಸಿನಮನ್ ಗ್ರೋವ್' ಇದೆ. ನಾಲ್ಕು ಭಾಗಗಳ ಈ ಸ್ಯೂಟ್‌ನ ಒಂದೊಂದು ಭಾಗಕ್ಕೂ ಡೆಟ್ ಒಂದೊಂದು ಕಾವ್ಯದ ಸಾಲುಗಳನ್ನು ತಲೆಬರಹವಾಗಿ ಕೊಟ್ಟಿದ್ದಾರೆ: ಮೊದಲನೆಯದಕ್ಕೆ ಜಾನ್ ಡನ್, ಮೂರನೆಯದಕ್ಕೆ ಲಾಂಗ್‌ಫೆಲೊ, ನಾಲ್ಕನೆಯದಕ್ಕೆ ಗುಲಾಮರ ಒಂದು ಭಕ್ತಿಗೀತೆ. ಎರಡನೆಯದಾದ ನಿಧಾನಗತಿಯ ಭಾಗದ ತಲೆಯ ಮೇಲಿರುವುದು ರವೀಂದ್ರನಾಥ ಠಾಕೂರರ 'ಗೀತಾಂಜಲಿ'ಯ ಸಾಲುಗಳು. ಭಾರತದಲ್ಲಿ ಪಿಯಾನೊ ಕಲಿಸುವ ಶಾಲೆಗಳಿಗೆ ಇದು ತಿಳಿದಿರಬೇಕಾದ ವಿಷಯವಲ್ಲವೇ?

ಮಾರ್ಗರೆಟ್ ಬಾಂಡ್ಸ್ ಪ್ರೈಸ್ ಅವರ ಶಿಷ್ಯೆ. ಚಿಕಾಗೊದಲ್ಲಿ ಕಷ್ಟದ ದಿನಗಳಲ್ಲಿ ಪ್ರೈಸ್ ತಂಗಿದ್ದು ಬಾಂಡ್ಸ್ ಮನೆಯಲ್ಲೇ. ಮೊದಲ 'ಫಾಂತಾಸಿ ನೆಗ್ರ್' ಅರ್ಪಿತವಾಗಿರುವುದು ಈ ಹುಡುಗಿಗೆ. 1933ರ ಅದೇ ಜೂನ್ ಕಛೇರಿಯಲ್ಲಿ ಚಿಕಾಗೊ ಸಿಂಫನಿಯೊಂದಿಗೆ ಏಕವಾದನ ಮಾಡಿದ ಮೊದಲ ಕಪ್ಪು ಕಲಾವಿದೆ ಎನಿಸಿಕೊಂಡಾಗ ಬಾಂಡ್ಸ್‌ಗೆ ಇಪ್ಪತ್ತು ವರ್ಷ. ಅವರ 'ಟ್ರಬಲ್ಡ್ ವಾಟರ್' 'ವೇಡ್ ಇನ್ ದ ವಾಟರ್' ಎಂಬ ಭಕ್ತಿಗೀತೆಯ ಮೇಲೆ ಕಟ್ಟಿದ್ದು. ಎಡಗೈಯಲ್ಲಿ ಮತ್ತೆ ಮತ್ತೆ ಸುತ್ತುವ ಒಂದು ಸಾಲು, ಅದರ ಮೇಲೆ ಹಾಡು, ಕೊನೆಗೆ ಇಡೀ ಪಿಯಾನೊ ಗುಡುಗುವ ಮುಕ್ತಾಯ. ಡಿಪ್ಲೊಮಾ ಮಟ್ಟದ ವಿದ್ಯಾರ್ಥಿಗಳು ಲಿಸ್ಟ್‌ನ ಯಾವುದಾದರೊಂದು ಕೃತಿಗೆ ಕೊಡುವ ಶ್ರಮವನ್ನು ಇದಕ್ಕೂ ಕೊಡಬಹುದು, ಕೊಟ್ಟದ್ದಕ್ಕೆ ಮೋಸವಾಗದು.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಈ ಎಲ್ಲ ಉದಾಹರಣೆಗಳಲ್ಲೂ ಜನಪದ ಧಾಟಿ ಇರುವುದರಿಂದ, ಕಪ್ಪು ಸಂಯೋಜಕರ ಕೆಲಸವೆಂದರೆ ಗುಲಾಮರ ಹಾಡುಗಳನ್ನು ಪಿಯಾನೊಗೆ ಇಳಿಸುವುದು ಎಂಬ ಇನ್ನೊಂದು ಇಕ್ಕಟ್ಟಿಗೆ ನಾವು ಬೀಳಬಾರದು. ಜಾರ್ಜ್ ವಾಕರ್ ಅವರನ್ನು ನೋಡಿ. 1945ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಮೊದಲ ಕಛೇರಿ ಕೊಟ್ಟು, ಅದೇ ವರ್ಷ ಫಿಲಡೆಲ್ಫಿಯಾ ವಾದ್ಯವೃಂದದೊಂದಿಗೆ ರಖ್ಮಾನಿನೊಫ್‌ನ ಮೂರನೆಯ ಕನ್ಸರ್ಟೊ ನುಡಿಸಿದ ಈ ವಾದಕರಿಗೆ, ಬಿಳಿಯ ವಾದಕರಿಗಾಗಿದ್ದರೆ ಸಾಲುಗಟ್ಟಿ ಬರುತ್ತಿದ್ದ ಕಛೇರಿಗಳು ಬರಲಿಲ್ಲ. ಅವರು ಸಂಯೋಜನೆಯ ಕಡೆ ಹೊರಳಿದರು, 1996ರಲ್ಲಿ ಸಂಗೀತಕ್ಕಾಗಿ ಪುಲಿಟ್ಜರ್ ಪಡೆದ ಮೊದಲ ಕಪ್ಪು ಸಂಯೋಜಕರಾದರು. ಅವರ ಐದು ಪಿಯಾನೊ ಸೊನಾಟಗಳಲ್ಲಿ ಎರಡನೆಯದು, 1956ರದ್ದು, ಒಂದು ಸ್ವರವೂ ಹೆಚ್ಚಿಲ್ಲದ, ಯಾರ ಓಲೈಕೆಗೂ ನಿಲ್ಲದ ಸಂಗೀತ. ಅದನ್ನು ಕೇಳಿ ರಚಿಸಿದವರ ಬಣ್ಣ ಯಾರೂ ಹೇಳಲಾರರು, ಹೇಳಬೇಕಾಗಿಯೂ ಇಲ್ಲ. ಅದನ್ನು ವೇದಿಕೆಗೆ ತರುವವರು 'ಕಪ್ಪು ಸಂಗೀತ ಸಂಜೆ' ಎಂಬ ಫಲಕ ಹಾಕದೆ, ಬಾರ್ಟೋಕ್ ಮತ್ತು ಪ್ರೊಕೊಫಿಯೆಫ್ ನಡುವೆ ಇಟ್ಟು ನುಡಿಸಿದರೆ ವಾಕರ್‌ಗೆ ಸಲ್ಲಬೇಕಾದ ಗೌರವ ಸಲ್ಲುತ್ತದೆ.

ಪಶ್ಚಿಮ ಆಫ್ರಿಕಾದ್ದು ಬೇರೆಯೇ ದಾರಿ. ಲಾಗೋಸ್‌ನ ಅಕಿನ್ ಯೂಬಾ, ಅವರೂ 1950ರ ದಶಕದಲ್ಲಿ ಲಂಡನ್ನಿನ ಟ್ರಿನಿಟಿಯಲ್ಲೇ ಓದಿದವರು, ಪಿಯಾನೊವನ್ನು ತಾಳವಾದ್ಯದಂತೆ ನಡೆಸಿಕೊಳ್ಳುವ ಒಂದು ಶೈಲಿಗೆ ಸಿದ್ಧಾಂತವನ್ನೂ ಕೃತಿಗಳನ್ನೂ ಕೊಟ್ಟರು. ಘಾನಾದ ಕ್ವಾಬೆನಾ ನ್ಕೆಟಿಯಾ ಅವರ ಹನ್ನೆರಡು ಬೋಧನಾ ಕೃತಿಗಳ ಪುಸ್ತಕ 1994ರಲ್ಲಿ ಬಂತು. ಪಾಠಕ್ಕೆಂದೇ ಬರೆದದ್ದು, ಪುಟ ಎರಡಕ್ಕಿಂತ ಹೆಚ್ಚಿಲ್ಲದ ತುಣುಕುಗಳೂ ಅದರಲ್ಲಿವೆ. ಒಂದು ಕೈ ಎರಡರ ನಡೆಯಲ್ಲಿರುವಾಗ ಇನ್ನೊಂದನ್ನು ಮೂರರ ನಡೆಯಲ್ಲಿ ಇಡುವುದನ್ನು ಎಳೆಯ ವಯಸ್ಸಿನಲ್ಲೇ ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನಾನು ಕಂಡಿಲ್ಲ.

ಇನ್ನು ನಿಮ್ಮಲ್ಲಿ ಹಲವರು ಎತ್ತುವ ಆಕ್ಷೇಪಗಳಿಗೆ ಬರುತ್ತೇನೆ. ಪೋಷಕರಿಗೆ ಅಂಕ ಬೇಕು, ಪರೀಕ್ಷಕರಿಗೆ ಗೊತ್ತಿಲ್ಲದ ಕೃತಿ ಕೊಟ್ಟರೆ ಅಂಕ ಹೋಗಬಹುದು ಎಂಬ ಅಳುಕು ಸಹಜ. ಆದರೆ ಪಟ್ಟಿಯೊಳಗೆ ಬಂದಿರುವ ಕೃತಿ ಪರೀಕ್ಷಕರಿಗೆ ಗೊತ್ತಿರುವಂಥದ್ದೇ. ಇಷ್ಟಕ್ಕೂ ಇಡೀ ನಗರ ನುಡಿಸುವ ಕೃತಿಯನ್ನು ದಿನವಿಡೀ ಕೇಳಿದವರ ಮುಂದೆ ಅದನ್ನೇ ಮತ್ತೊಮ್ಮೆ ನುಡಿಸುವ ಮಗುವಿಗೆ ಹೋಲಿಕೆಯ ಭಾರವೂ ಇರುತ್ತದೆ. ನಮ್ಮ ಮಕ್ಕಳಿಗೂ ಅಮೆರಿಕದ ಕಪ್ಪು ಜನರಿಗೂ ಏನು ಸಂಬಂಧ ಎಂದು ಕೇಳುವವರು, ಲೈಪ್ಸಿಗ್‌ನ ಚರ್ಚಿಗೂ ಮಲ್ಲೇಶ್ವರಕ್ಕೂ ಏನು ಸಂಬಂಧ ಎಂದು ಬಾಖ್ ಕಲಿಸುವಾಗ ಕೇಳಿದ್ದುಂಟೇ?

ಸ್ವರಲಿಪಿ ಸಿಗುವುದಿಲ್ಲ ಎಂಬ ಮಾತು ಹಿಂದೆ ನಿಜವಾಗಿತ್ತು, ಈಗಿಲ್ಲ. ಭಾರತದ ಕಾನೂನಿನಂತೆ ರಚನಕಾರರು ತೀರಿಕೊಂಡ ವರ್ಷದ ನಂತರ 60 ವರ್ಷ ಕಳೆದರೆ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿ ಎಲ್ಲರದ್ದಾಗುತ್ತದೆ. ಕೋಲ್‌ರಿಜ್-ಟೇಲರ್ ಅವರ ಕೃತಿಗಳೂ, 1943ರಲ್ಲಿ ತೀರಿಕೊಂಡ ಡೆಟ್ ಬದುಕಿದ್ದಾಗ ಅಚ್ಚಾದವೂ ಹೀಗೆ ಮುಕ್ತವಾಗಿವೆ, ಹಳೆಯ ಮುದ್ರಣಗಳ ಪ್ರತಿಗಳು ಅಂತರಜಾಲದ ಸಂಗ್ರಹಗಳಲ್ಲಿ ಉಚಿತವಾಗಿ ಸಿಗುತ್ತವೆ. ಪ್ರೈಸ್ ಅವರ ವಿಷಯದಲ್ಲಿ ಜಾಗ್ರತೆ ಬೇಕು. ಅವರು ಬದುಕಿದ್ದಾಗ ಅಚ್ಚಾದ, 1928ರ 'ಆ್ಯಟ್ ದ ಕಾಟನ್ ಜಿನ್' ತರಹದವು ಇಲ್ಲಿ ಮುಕ್ತ. ಸಾವಿನ ನಂತರ ಪ್ರಕಟವಾದವಕ್ಕೆ ಪ್ರಕಟಣೆಯಿಂದ 60 ವರ್ಷ ಲೆಕ್ಕ, ಆದ್ದರಿಂದ ಸೊನಾಟದ ಪುಸ್ತಕವನ್ನು ಕೊಂಡೇ ನುಡಿಸಬೇಕು. 2018ರಿಂದ ಅವರ ಕೃತಿಗಳ ಹಕ್ಕು ಜಿ. ಶರ್ಮರ್ ಪ್ರಕಾಶನದ ಬಳಿ ಇದೆ, ಪುಸ್ತಕಗಳು ಒಂದೊಂದಾಗಿ ಬರುತ್ತಿವೆ. ದಯವಿಟ್ಟು ಜೆರಾಕ್ಸ್ ಮಾಡಿ ಹಂಚಬೇಡಿ; ಹದಿನೈದು ಗಿನಿಯ ಕಥೆಯನ್ನು ಹೇಳಿದ ಪತ್ರದಲ್ಲಿ ನಾನು ಇದನ್ನು ಕೇಳಿಕೊಳ್ಳಲೇಬೇಕು. ಶಾಲೆಗಳ ಗ್ರಂಥಾಲಯಕ್ಕೆ ಒಂದೇ ಒಂದು ಖರೀದಿ ಮಾಡುವುದಾದರೆ, ವಿಲಿಯಂ ಚಾಪ್‌ಮನ್ ನ್ಯಾಹೊ ಸಂಪಾದಿಸಿ ಆಕ್ಸ್‌ಫರ್ಡ್ ಪ್ರಕಟಿಸಿರುವ, ಆಫ್ರಿಕಾ ಮತ್ತು ಅಲ್ಲಿಂದ ಚದುರಿದವರ ಪಿಯಾನೊ ಸಂಗೀತದ ಐದು ಸಂಪುಟಗಳನ್ನು ತರಿಸಿಕೊಳ್ಳಿ. ಆರಂಭದ ಹಂತ ದಾಟಿದವರಿಂದ ಹಿಡಿದು ಮುಂದುವರಿದವರ ತನಕ ಕ್ರಮವಾಗಿ ಜೋಡಿಸಿದೆ, ಪ್ರತಿ ಕೃತಿಗೂ ಟಿಪ್ಪಣಿ ಇದೆ.

ತಡಮಾಡಿದರೆ ಏನಾಗುತ್ತದೆಂಬುದಕ್ಕೆ ಒಂದು ಹೆಸರು ಸಾಕು. ಜೂಲಿಯಸ್ ಈಸ್ಟ್‌ಮನ್ 1970ರ ದಶಕದ ಕೊನೆಯಲ್ಲಿ ಹಲವು ಪಿಯಾನೊಗಳನ್ನು ಒಟ್ಟಿಗೆ ನುಡಿಸುವ ಅಸಾಧಾರಣ ಕೃತಿಗಳನ್ನು ಬರೆದವರು. 1980ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬಾಡಿಗೆ ಮನೆಯಿಂದ ಅವರನ್ನು ಹೊರಹಾಕಿದಾಗ ಅವರ ಸ್ವರಲಿಪಿಗಳು ಬೀದಿಪಾಲಾದವು. 1990ರಲ್ಲಿ ಅವರು ತೀರಿಕೊಂಡದ್ದು ಸಂಗೀತಲೋಕಕ್ಕೆ ತಿಳಿದದ್ದೇ ತಿಂಗಳುಗಳ ನಂತರ. ಮೇರಿ ಜೇನ್ ಲೀಚ್ ಎಂಬ ಸಂಯೋಜಕಿ ವರ್ಷಗಟ್ಟಲೆ ಹುಡುಕಿ ಸೇರಿಸಿದ್ದರಿಂದ ಕೆಲವು ಉಳಿದಿವೆ, ಮಿಕ್ಕವು ಕಳೆದುಹೋದವು.

ನನ್ನ ಕೋರಿಕೆಗಳು ದೊಡ್ಡವಲ್ಲ. ಶಿಕ್ಷಕರು ಮುಂದಿನ ಸಾಲಿನಲ್ಲಿ ಐದನೆಯ ಗ್ರೇಡ್ ದಾಟಿದ ಪ್ರತಿ ವಿದ್ಯಾರ್ಥಿಗೂ ಇಂಥ ಒಂದು ಕೃತಿಯನ್ನು ಕೊಡಲಿ. ಪಟ್ಟಿ ಬದಲಾಗಿ ಅದು ಹೊರಬಿದ್ದ ಮೇಲೂ ಪಾಠದಿಂದ ತೆಗೆಯದಿರಲಿ. ಕಛೇರಿ ಏರ್ಪಡಿಸುವವರು ಹೊರಗಿನಿಂದ ಬರುವ ವಾದಕರನ್ನು ಆಹ್ವಾನಿಸುವಾಗ, ಕೊನೆಯ ಐದು ನಿಮಿಷದ ತುಣುಕನ್ನಲ್ಲ, ಪ್ರೈಸ್ ಅವರ ಇಡೀ ಸೊನಾಟವನ್ನೋ ಡೆಟ್ ಅವರ ಇಡೀ ಸ್ಯೂಟನ್ನೋ ಕೇಳಲಿ. ಒಂದು ಋತುವಿಗೆ ಒಂದು ಸಾಕು.

ಈ ಪತ್ರಕ್ಕೆ ಉತ್ತರ ಬರೆಯುವ ಶಿಕ್ಷಕರು ತಮ್ಮ ವಿದ್ಯಾರ್ಥಿ ಯಾವ ಗ್ರೇಡ್‌ನಲ್ಲಿದ್ದಾರೆ, ಕೈ ಅಷ್ಟಕವನ್ನು (ಎಂಟು ಸ್ವರಗಳ ಅಗಲವನ್ನು) ಸಲೀಸಾಗಿ ಮುಟ್ಟುತ್ತದೆಯೇ, ಲಯದ ಕಡೆ ಒಲವೋ ಹಾಡಿನ ಕಡೆಯೋ ಎಂಬಷ್ಟನ್ನು ತಿಳಿಸಿದರೆ, ಹೊಂದುವ ಎರಡು ಮೂರು ಕೃತಿಗಳ ಹೆಸರನ್ನೂ ಅವು ಸಿಗುವ ಪುಸ್ತಕದ ವಿವರವನ್ನೂ ಬರೆದು ಕಳುಹಿಸುತ್ತೇನೆ. ಬೆರಳಿಟ್ಟು ನೋಡಲು ಬಯಸುವವರಿಗೆ ನನ್ನ ಪ್ರತಿಗಳನ್ನು ಎರವಲು ಕೊಡಲೂ ಸಿದ್ಧಳಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಪಿಯಾನೊ ಶಿಕ್ಷಕಿ